ಮೊದಲು ಹೊಳೆ

ಪ್ರವಾಸಿ ಮಾಹಿತಿ ಕೇಂದ್ರದ ಕೌಂಟರಿನ ಹಿಂದೆ ಕೂರಲು ಹೊರಟಿರುವ ನಿಮಗೆ ತರಬೇತಿಯಲ್ಲಿ ಯಾರೂ ಹೇಳದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಕೊಡುವ ಹಾಳೆಯನ್ನು ಜನ ಓದುವುದಿಲ್ಲ, ಅದರಂತೆ ನಡೆಯುತ್ತಾರೆ. ಒಂದು ಎಂದು ಬರೆದ ಜಾಗಕ್ಕೆ ಮೊದಲು ಹೋಗುತ್ತಾರೆ, ಎರಡು ಎಂದು ಬರೆದಲ್ಲಿಗೆ ಆಮೇಲೆ. ಇಷ್ಟು ಸಣ್ಣ ವಿಷಯ ಅರ್ಥವಾಗಲು ಎಂ.ಎ. ಓದಿದ ನನಗೆ ಬಹಳ ವರ್ಷ ಹಿಡಿಯಿತು. ಅರ್ಥವಾದ ದಿನ ಒಬ್ಬ ಮನುಷ್ಯ ನನ್ನ ಕಣ್ಣೆದುರು ನೀರಿನಡಿಯಲ್ಲಿ ಇದ್ದ.

ನಮ್ಮ ಕೇಂದ್ರ ಇದ್ದದ್ದು ಪಟ್ಟಂದೂರು ಅಗ್ರಹಾರದಲ್ಲಿ, ಐಟಿ ಪಾರ್ಕಿನ ಗೇಟೊಂದರ ಎದುರು, ಜೆರಾಕ್ಸ್ ಅಂಗಡಿಗೂ ಚಹಾದಂಗಡಿಗೂ ನಡುವೆ. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಬೆಟ್ಟದ ದೊಡ್ಡ ಫೋಟೊ. ಬೆಂಗಳೂರಿನಿಂದ ಮೂರು ಗಂಟೆಯ ದಾರಿಯಲ್ಲಿ ಒಂದು ಬೆಟ್ಟದ ತಪ್ಪಲಿದೆ. ಅಲ್ಲಿ ದ್ರಾಕ್ಷಿತೋಟಗಳಿವೆ, ವೈನ್ ತಯಾರಿಸುವ ವೈನರಿಗಳಿವೆ, ಬೆಟ್ಟದಿಂದ ಇಳಿದು ಬರುವ ಹೊಳೆಯಲ್ಲಿ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಜನರನ್ನು ಕೂರಿಸಿ ರಾಫ್ಟಿಂಗ್ ಮಾಡಿಸುತ್ತಾರೆ. ಆ ವೈನರಿ, ರೆಸಾರ್ಟು, ರಾಫ್ಟಿಂಗ್ ಶಿಬಿರಗಳ ಮಾಲೀಕರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಶನಿವಾರ ಭಾನುವಾರ ಊರು ಬಿಟ್ಟು ಓಡಲು ಕಾಯುವವರು ವೈಟ್‌ಫೀಲ್ಡಿನಲ್ಲೇ ಇದ್ದಾರೆ ಎಂದು ಲೆಕ್ಕ ಹಾಕಿ ಕೌಂಟರನ್ನೂ ಇಲ್ಲೇ ತೆರೆದಿದ್ದರು. ಆ ಸೀಮೆಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಈಗಲೂ ದುಡಿದು ತಿನ್ನುವವರು ನನ್ನ ಜನ. ಅವರ ಹೊಟ್ಟೆಯ ಮೇಲೆ ಹೊಡೆಯುವುದು ನನ್ನ ಉದ್ದೇಶವಲ್ಲ.

ಬಡ್ತಿಯ ಬಗ್ಗೆ ಬರೆಯಲು ಏನೂ ಇಲ್ಲ. ಸಹಾಯಕಿ ಎಂದು ಸೇರಿದೆ, ಹಿರಿಯ ಸಹಾಯಕಿ ಎಂದು ಹೊರಬಂದೆ. ಯಜಮಾನರ ಕಾರ್ಖಾನೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ದುದರಿಂದ ಮನೆ ಸಿಂಗಸಂದ್ರದಲ್ಲಿತ್ತು. ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದೆ. ನಮ್ಮದು ದಾವಣಗೆರೆ ಕಡೆಯ ಲಿಂಗಾಯತ ಮನೆ. ಹೊಸ್ತಿಲೊಳಗೆ ಮದ್ಯದ ಸುದ್ದಿಯೂ ಸುಳಿಯುವಂತಿರಲಿಲ್ಲ. ಹಾಗಾಗಿ ನನ್ನ ಕೆಲಸ ಅತ್ತೆಯವರಿಗೆ ಮುಗಿಯದ ತಮಾಷೆ.

"ಬೆಳಿಗ್ಗೆ ಲಿಂಗಪೂಜೆ ಮಾಡ್ತಾಳೆ, ಹತ್ತು ಗಂಟೆಗೆ ಹೋಗಿ ಜನಕ್ಕೆ ಹೆಂಡದ ದಾರಿ ತೋರಿಸ್ತಾಳೆ" ಎಂದು ಬಂದ ನೆಂಟರಿಗೆಲ್ಲ ಹೇಳುವರು.

"ಹೆಂಡ ಅಲ್ಲ ಅತ್ತೆ, ವೈನು."

"ಈಚಲು ಕೊಳೆಸಿದ್ರೂ ಅಷ್ಟೆ, ದ್ರಾಕ್ಷಿ ಕೊಳೆಸಿದ್ರೂ ಅಷ್ಟೆ, ಬಿಡವ್ವಾ."

ನಾನು ನಗುತ್ತಿದ್ದೆ. ಆ ನಗುವಿನೊಳಗೆ ನನ್ನ ಅಜ್ಞಾನವೂ ಸೇರಿತ್ತು ಎಂಬುದು ಮುಂದೆ ಗೊತ್ತಾಗುತ್ತದೆ.

ನನಗೆ ಕೆಲಸ ಕಲಿಸಿದವರು ಮೊದಲ ಮ್ಯಾನೇಜರ್ ಕೇಶವಮೂರ್ತಿ ಸಾರ್. ಆಗ ಮುದ್ರಿತ ಹಾಳೆ ಇರಲಿಲ್ಲ. ನಾನು ಕೈಯಿಂದ ನಕ್ಷೆ ಬರೆದು ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸುತ್ತಿದ್ದೆ. ಅವರ ನಿಯಮ ಒಂದೇ. "ದಾರೀಲಿ ಯಾವ್ದು ಮೊದಲು ಸಿಗುತ್ತೋ ಅದನ್ನ ಮೊದಲು ಬರಿಯಮ್ಮ. ಹೋದೋರನ್ನ ಮತ್ತೆ ಹಿಂದಕ್ಕೆ ತಿರುಗಿಸ್ಬೇಡ. ಪೆಟ್ರೋಲ್ ಸುಟ್ಕೊಂಡೋರು ನಮ್ಮನ್ನ ಬೈಕೊಂಡೇ ಬರ್ತಾರೆ."

ನಿಯಮ ಸರಿಯಾಗಿಯೇ ಕಾಣುತ್ತಿತ್ತು. ಬೆಂಗಳೂರಿನಿಂದ ಹೋಗುವಾಗ ಮೊದಲು ಸಿಗುವುದು ವೈನರಿ. ಆಮೇಲೆ ಸೂರ್ಯಾಸ್ತ ನೋಡುವ ಬಂಡೆ, ಆಮೇಲೆ ಊಟದ ಹೋಟೆಲು, ಕೊನೆಗೆ ಹೊಳೆ. ಹಾಗೇ ಅಂಕಿ ಹಾಕಿದೆ.

ಒಂದು ಸೋಮವಾರ ಬೆಳಿಗ್ಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೌಂಟರಿಗೆ ಬಂದರು. ಮುಖ ಸಿಡುಕು.

"ನೀವು ಕೊಟ್ಟಿದ್ದು ತಪ್ಪು ಮಾಹಿತಿ ಮೇಡಂ. ಆ ಬಂಡೆ ಮೇಲೆ ಸೂರ್ಯಾಸ್ತ ಇರ್ಲೇ ಇಲ್ಲ."

"ಮೋಡ ಇತ್ತಾ ಸಾರ್?"

"ಮೋಡ ಎಲ್ಲಿಂದ ಬರ್ಬೇಕು? ಸುಡೋ ಬಿಸಿಲು. ಹನ್ನೆರಡೂವರೆಗೆ ಹೋಗಿ ಒಂದು ಗಂಟೆ ಕೂತಿದ್ವಿ. ಈ ಮಗು ಕಾಲು ಸುಟ್ಕೊಳ್ತು."

ಅವರು ಹೊರಟ ಮೇಲೆ ಕೇಶವಮೂರ್ತಿ ಸಾರ್ ಮೇಜಿಗೆ ತಲೆಯಿಟ್ಟು ನಕ್ಕರು. ನಾನೂ ನಕ್ಕೆ. ಓದಿದ ಮನುಷ್ಯ, ನಡುಮಧ್ಯಾಹ್ನ ಸೂರ್ಯಾಸ್ತಕ್ಕೆ ಕಾದು ಕೂತಿದ್ದಾನಲ್ಲ! ಮರುದಿನ ಬಂಡೆಯ ಎದುರು 'ಸಂಜೆ' ಎಂಬ ಒಂದು ಪದ ಸೇರಿಸಿ ಸುಮ್ಮನಾದೆ. ಅಂಕಿ ಬದಲಿಸಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಎರಡನೆಯದು ಎಂದು ಬರೆದಿದ್ದಕ್ಕೆ ಆತ ಎರಡನೆಯದಾಗಿ ಹೋಗಿದ್ದ. ಅವನು ಮಾಡಿದ ತಪ್ಪಾದರೂ ಏನು? ಆ ದಿನ ನಕ್ಕದ್ದಕ್ಕೆ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ವೈನರಿಯ ವಿಷಯದಲ್ಲಿ ನನ್ನ ಹಾಳೆ 'ತೋಟ ನೋಡುವುದು, ಪೀಪಾಯಿಗಳನ್ನು ನೋಡುವುದು, ಐದು ಬಗೆಯ ವೈನ್ ರುಚಿ ನೋಡುವುದು' ಎನ್ನುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂಘದವರು ನಮ್ಮನ್ನು ಎಲ್ಲ ಜಾಗಗಳಿಗೂ ಕರೆದುಕೊಂಡು ಹೋಗಿ ತೋರಿಸಿದ್ದರು. ವೈನರಿಯಲ್ಲಿ ತೋಟ ನೋಡಿದೆ, ತಣ್ಣನೆಯ ಕೋಣೆಯಲ್ಲಿ ಪೀಪಾಯಿಗಳನ್ನು ನೋಡಿದೆ. ರುಚಿ ನೋಡುವ ಕೋಣೆಯ ಬಾಗಿಲಲ್ಲಿ ಸೆರಗು ಸರಿಮಾಡಿಕೊಂಡು ಹಿಂದಕ್ಕೆ ಬಂದು, ಹೊರಗೆ ಕೂತು ದ್ರಾಕ್ಷಿ ರಸ ಕುಡಿದೆ. ಒಳಗೆ ಏನು ನಡೆಯುತ್ತದೆ ಎಂದು ನೋಡಲಿಲ್ಲ. ರುಚಿ ನೋಡುವುದೆಂದರೆ ಮಠದಲ್ಲಿ ಅಂಗೈಗೆ ತೀರ್ಥ ಹಾಕಿದ ಹಾಗೆ ಎಂದು ನಾನೇ ಅಂದುಕೊಂಡೆ. ಐದು ಬಗೆ, ಐದು ಉದ್ಧರಣೆ. ನಾಲಿಗೆ ಒದ್ದೆಯಾಗುವಷ್ಟು. ವರ್ಷಗಟ್ಟಲೆ ಕೌಂಟರಿನಲ್ಲಿ ಕೂತು ಸಾವಿರಾರು ಜನರಿಗೆ ಆ ಹಾಳೆ ಕೊಟ್ಟೆ, ಒಬ್ಬರನ್ನೂ ಕೇಳಲಿಲ್ಲ. ನಮ್ಮಂಥ ಮನೆಯ ಹೆಂಗಸು ಅದನ್ನು ಕೇಳುವುದು ಹೇಗೆ ಎಂಬ ಸಂಕೋಚ. ನನ್ನ ಮರ್ಯಾದೆಯೇ ನನ್ನ ಅಜ್ಞಾನವನ್ನು ಕಾಪಾಡಿಕೊಂಡು ಬಂತು.

ಈಗ ಆ ದಿನದ ಸಂಗತಿ.

ಪಾರ್ಕಿನ ಒಂದು ಸಾಫ್ಟ್‌ವೇರ್ ಕಚೇರಿಯವರು ಬಸ್ಸು ಮಾಡಿಕೊಂಡು ಪ್ರವಾಸ ಹೊರಟರು. ದೊಡ್ಡ ಗುಂಪಾದ್ದರಿಂದ ಮಾಹಿತಿ ಕೇಂದ್ರದವರೊಬ್ಬರು ಜೊತೆಗಿರಲಿ ಎಂದರು. ನಾನು ಹೋದೆ. ಎಂಜಿನಿಯರುಗಳ ಜೊತೆಗೆ ಕಚೇರಿಯ ಹೌಸ್‌ಕೀಪಿಂಗಿನವರನ್ನೂ ಕರೆದುಕೊಂಡಿದ್ದು ನನಗೆ ಇಷ್ಟವಾಯಿತು. ಅವರಲ್ಲಿ ಒಬ್ಬ ಶರಣಪ್ಪ. ಯಾದಗಿರಿ ಕಡೆಯವನು, ಮೂವತ್ತು ಮೂವತ್ತೈದರ ವಯಸ್ಸು. ನಮ್ಮ ಕೌಂಟರಿನ ಹಿಂದಿನ ವಠಾರದಲ್ಲಿ ಬಾಡಿಗೆ ಕೋಣೆ. ಪಕ್ಕದ ಅಂಗಡಿಗೆ ಚಹಾಕ್ಕೆ ಬಂದಾಗೆಲ್ಲ "ಆರಾಮ ಇದ್ದೀರೇನ್ರಿ ಅಕ್ಕಾರ" ಎಂದು ಬಾಗಿಲಲ್ಲೇ ಕೇಳಿ ಹೋಗುತ್ತಿದ್ದ.

ಹಾಳೆಯಂತೆ ಬಸ್ಸು ಮೊದಲು ವೈನರಿಯಲ್ಲಿ ನಿಂತಿತು. ಹನ್ನೊಂದು ಗಂಟೆ. ಎಲ್ಲರೂ ಒಳಗೆ ಹೋದರು. ನಾನು ಹೊರಗಿನ ಮರದಡಿ ಕೂತೆ. ಶರಣಪ್ಪನೂ ಬಂದು ಪಕ್ಕದ ಕಟ್ಟೆಯ ಮೇಲೆ ಕೂತ. ಕೊರಳಲ್ಲಿ ಲಿಂಗ ಇದ್ದವನು, ಒಳಗೆ ಹೋಗಿರಲಿಲ್ಲ. ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಅರ್ಧ ನನ್ನ ಕೈಗಿಟ್ಟ.

"ಒಳಗ ಏನ್ ಕೊಡ್ತಾರ್ರಿ ಅಕ್ಕಾರ?"

"ರುಚಿಗೆ ಒಂದಿಷ್ಟು. ತೀರ್ಥದ ಹಾಗೆ."

ಅವನು ರೊಟ್ಟಿ ಅಗಿಯುತ್ತ ಬಾಗಿಲ ಕಡೆ ನೋಡಿದ. ನಾಲ್ಕೈದು ಜನ ಹೆಗಲ ಮೇಲೆ ಕೈ ಹಾಕಿಕೊಂಡು, ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತ ಹೊರಗೆ ಬರುತ್ತಿದ್ದರು.

"ತೀರ್ಥ ತಗೊಂಡು ಬಂದೋರು ಹಿಂಗ ನಗ್ತಾರೇನ್ರಿ?" ಎಂದ.

ನಾನೂ ನಕ್ಕೆ. ಅಷ್ಟೇ ಮಾಡಿದೆ. ಆ ಕ್ಷಣಕ್ಕೆ ನಾನು ಎಷ್ಟು ಸಲ ಹಿಂದಿರುಗಿ ಹೋಗಿದ್ದೇನೋ ನನಗೇ ತಿಳಿಯದು. ಪ್ರತಿ ಸಲವೂ ಎದ್ದು ನಿಲ್ಲುತ್ತೇನೆ, ಒಳಗೆ ಹೋಗಿ ನೋಡುತ್ತೇನೆ, ಬಸ್ಸನ್ನು ನಿಲ್ಲಿಸುತ್ತೇನೆ. ಆದರೆ ಆವತ್ತು ಕೂತೇ ಇದ್ದೆ. ರೊಟ್ಟಿ ಚೆನ್ನಾಗಿತ್ತು.

ಊಟ ಮುಗಿಸಿ ಹೊಳೆಗೆ ಬಂದಾಗ ಎರಡು ಗಂಟೆ ದಾಟಿತ್ತು. ಬೆಟ್ಟದಲ್ಲಿ ಹಿಂದಿನ ದಿನ ಮಳೆಯಾಗಿ ಹೊಳೆ ತುಂಬಿಕೊಂಡಿತ್ತು, ಆದರೆ ದೋಣಿ ಬಿಡುವ ಮಿತಿಯೊಳಗೇ ಇತ್ತು. ದೋಣಿ ನಡೆಸುವ ಗೈಡ್ ಮಾದೇಶ ಅದೇ ಹೊಳೆಯ ದಂಡೆಯ ಊರಿನವನು, ಹರಿಗೋಲು ಹಾಕುತ್ತಿದ್ದವರ ಮನೆಯವನು. ಅವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದ.

"ಯಾರಾದ್ರೂ ಕುಡ್ದಿದ್ದೀರಾ? ಕುಡ್ದಿದ್ರೆ ಈಗ್ಲೇ ಏಳ್ಬುಡಿ. ಒಳೆ ತಮಾಸೆ ಅಲ್ಲ."

"ಕುಡಿಯೋದೆಲ್ಲಿ ಗುರು, ಟೇಸ್ಟ್ ನೋಡಿದ್ವಿ ಅಷ್ಟೆ" ಎಂದ ಒಬ್ಬ. ಉಳಿದವರು ಹೌದೆಂದರು.

ಮಾದೇಶ ನನ್ನ ಮುಖ ನೋಡಿದ. ಕೇಂದ್ರದ ಬ್ಯಾಡ್ಜ್ ಹಾಕಿಕೊಂಡು ನಿಂತವಳು ನಾನು. ನಾನು ತಲೆಯಾಡಿಸಿದೆ. "ರುಚಿ ನೋಡಿದ್ದಾರೆ ಅಷ್ಟೆ ಮಾದೇಶ" ಎಂದೆ. ಅವನು ನನ್ನನ್ನು ನಂಬಿದ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಗೊತ್ತಿಲ್ಲದ ವಿಷಯಕ್ಕೆ ಬ್ಯಾಡ್ಜ್ ಹಾಕಿಕೊಂಡವರು ತಲೆಯಾಡಿಸಬಾರದು.

ಒಂದು ದೋಣಿಗೆ ಆರು ಜನ. ಐದು ಜನ ಎಂಜಿನಿಯರುಗಳು ಹತ್ತಿದ ದೋಣಿಯಲ್ಲಿ ಒಂದು ಜಾಗ ಉಳಿಯಿತು.

"ಶರಣಪ್ಪಾ, ಬಾ ಮಗಾ! ಏನ್ ಹೆದರ್ಕೊಂಡ್ಯಾ?"

"ಊರಾಗ ಬಾವಿಗೂ ಇಳಿದವನಲ್ರಿ ನಾ."

"ಬಾವೀಲಿ ಜಾಕೆಟ್ ಕೊಡ್ತಾರಾ? ಇಲ್ಲಿ ಕೊಡ್ತಾರೆ, ಬಾ!"

ಅವನು ನನ್ನತ್ತ ತಿರುಗಿದ. "ಹೋಗ್ಲೇನ್ರಿ ಅಕ್ಕಾರ?"

"ಹೋಗಿ ಬಾಪ್ಪ. ಏನೂ ಆಗಲ್ಲ."

ನಾನು ಕೆಳಗಿನ ತಿರುವಿನ ಬಂಡೆಯ ಮೇಲೆ ನಿಂತಿದ್ದೆ. ಅಲ್ಲಿ ಹೊಳೆ ಎರಡು ಕಲ್ಲುಗಳ ನಡುವೆ ಇಕ್ಕಟ್ಟಾಗಿ ನುಗ್ಗುತ್ತದೆ. ದೋಣಿ ಬಂತು. ಮಾದೇಶ ಹಿಂದೆ ಕೂತು "ಫಾರ್ವರ್ಡ್! ಫಾರ್ವರ್ಡ್!" ಎಂದು ಕೂಗುತ್ತಿದ್ದ. ಮುಂದೆ ಕೂತ ಇಬ್ಬರೂ ಹುಟ್ಟು ಹಾಕುವುದನ್ನು ಬಿಟ್ಟಿದ್ದರು. ಒಬ್ಬ ದಂಡೆಯಲ್ಲಿ ಮೊಬೈಲ್ ಹಿಡಿದವರಿಗೆ ಕಾಣಲೆಂದು ಹುಟ್ಟನ್ನು ತಲೆಯ ಮೇಲೆತ್ತಿ ಕೂಗುತ್ತಿದ್ದ. ಇನ್ನೊಬ್ಬ ಅವನನ್ನು ತಬ್ಬಿಕೊಂಡು ನಗುತ್ತಿದ್ದ. ಹುಟ್ಟು ಹಾಕುತ್ತಿದ್ದವನು ಮಧ್ಯದಲ್ಲಿ ಕೂತ ಶರಣಪ್ಪ, ಹಲ್ಲು ಕಚ್ಚಿಕೊಂಡು, ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆಯೇ ಮಾಡುತ್ತ. ದೋಣಿ ಅಡ್ಡ ತಿರುಗಿತು. ಕಲ್ಲಿಗೆ ಹೊಟ್ಟೆ ಒತ್ತಿತು, ಒಂದು ಕಡೆ ಎದ್ದಿತು, ಮಗುಚಿಕೊಂಡಿತು.

ಸದ್ದೇ ಆಗಲಿಲ್ಲ. ಅಥವಾ ನನಗೆ ಕೇಳಿಸಲಿಲ್ಲ.

ಪ್ರವಾಸಿಗರಿಗೆ ಹಳದಿ ಹೆಲ್ಮೆಟ್, ಗೈಡಿಗೆ ಕೆಂಪು. ನಾನು ಹಳದಿ ಎಣಿಸಿದೆ. ಒಂದು. ಎರಡು, ಮೂರು ಒಟ್ಟಿಗೆ. ನಾಲ್ಕು, ಕಲ್ಲಿನ ಹಿಂದೆ. ಐದು. ಮತ್ತೆ ಮೊದಲಿಂದ ಎಣಿಸಿದೆ. ಐದು. ಕೆಂಪು ಹೆಲ್ಮೆಟ್ ದೋಣಿಯ ಕಡೆ ಈಜುತ್ತಿತ್ತು. "ಆರನೇದು ಎಲ್ಲಿ?" ಎಂದು ನಾನು ಕೂಗಿದ್ದು ದಂಡೆಯವರು ಮೊಬೈಲಿನಲ್ಲಿ ತೆಗೆದ ವಿಡಿಯೊದಲ್ಲಿ ಕೇಳುತ್ತದೆ. ನನಗೆ ಕೂಗಿದ ನೆನಪಿಲ್ಲ. ಎಣಿಸಿದ್ದಷ್ಟೇ ನೆನಪು. ಮಾದೇಶ ಮಗುಚಿದ ದೋಣಿಯ ಅಡಿಗೆ ಮುಳುಗಿದ. ಈಗ ಕೆಂಪೂ ಇಲ್ಲ. ಹೊಳೆ ಹರಿಯುತ್ತಿತ್ತು, ಬಿಸಿಲಿತ್ತು, ದಂಡೆಯ ಮರದಲ್ಲಿ ಒಂದು ಹಕ್ಕಿ ಕೂಗುತ್ತಲೇ ಇತ್ತು.

ಆ ವಿಡಿಯೊದಲ್ಲಿ ಅದು ಒಂದು ನಿಮಿಷವೂ ಇಲ್ಲ ಎನ್ನುತ್ತಾರೆ. ಇರಬಹುದು. ನನ್ನೊಳಗೆ ಅದಿನ್ನೂ ಮುಗಿದಿಲ್ಲ. ಬಸ್ಸಿನಲ್ಲಿ ಕೂತಾಗ, ಅನ್ನಕ್ಕೆ ನೀರಿಡುವಾಗ ಎಣಿಕೆ ಶುರುವಾಗುತ್ತದೆ, ಐದಕ್ಕೆ ನಿಲ್ಲುತ್ತದೆ.

ಕೆಂಪು ಮೇಲೆದ್ದಾಗ ಅದರ ಪಕ್ಕದಲ್ಲಿ ಹಳದಿ ಇತ್ತು. ದೋಣಿಯ ಸುತ್ತ ಕಟ್ಟಿದ ಹಗ್ಗಕ್ಕೆ ಶರಣಪ್ಪನ ಕಾಲು ಸಿಕ್ಕಿಕೊಂಡಿತ್ತು. ಮಾದೇಶ ಹಗ್ಗವನ್ನು ಚಾಕುವಿನಿಂದ ಕೊಯ್ದಿದ್ದ. ಬಂಡೆಗೆ ಎಳೆದು ಹಾಕಿ, ಮಗ್ಗುಲಿಗೆ ತಿರುಗಿಸಿ, ಬೆನ್ನು ಗುದ್ದಿದ. ಬಾಯಿಂದ ನೀರು ಬಂತು. ಆಮೇಲೆ ಉಸಿರು. ಕಣ್ಣು ಬಿಟ್ಟವನು ನನ್ನ ಮುಖವನ್ನೇ ನೋಡಿ ಹೇಳಿದ: "ಅಕ್ಕಾರ, ಚಪ್ಪಲಿ ಹೋದ್ವು."

ಒಂದು ಹನಿಯನ್ನೂ ಮುಟ್ಟದವನು ಅವನೊಬ್ಬನೇ. ಕುಡಿದ ಐವರೂ ಸಲೀಸಾಗಿ ದಡ ಸೇರಿದರು. ಮಾದೇಶ ಒದ್ದೆ ಬಟ್ಟೆಯಲ್ಲೇ ನನ್ನೆದುರು ಬಂದು ನಿಂತ.

"ಅಕ್ಕ, ಇವ್ರ ಬಾಯಿ ವಾಸ್ನೆ ನೋಡಿ. ಇದು ಟೇಸ್ಟಾ? ನೀವು ಇಲ್ಲ ಅಂದ್ರಿ, ಅದ್ಕೇ ಬುಟ್ಟೆ. ಊಟ ಮಾಡಿ ಬಂದಿದ್ರು, ಮಸಾಲೆ ಗಮಲಲ್ಲಿ ನಂಗೂ ಗೊತ್ತಾಗ್ನಿಲ್ಲ. ಇಂಗೇ ದಿನಾ ಬತ್ತಾರೆ. ಮಧ್ಯಾಹ್ನದ್ ಮ್ಯಾಲೆ ಬರೋರೆಲ್ಲಾ ಇಂಗೇ. ಬೆಳಿಗ್ಗೆ ಬರೋರು ಅಂಗಿರಲ್ಲ."

ಮಧ್ಯಾಹ್ನದ ಮೇಲೆ ಬರುವವರು. ಅಂದರೆ ನನ್ನ ಹಾಳೆಯನ್ನು ಹಿಡಿದು ಬರುವವರು. ಕೈಚೀಲದಿಂದ ಹಾಳೆ ತೆಗೆದು ನೋಡಿದೆ. ಒಂದು, ವೈನರಿ. ಕೊನೆಗೆ, ಹೊಳೆ. ಅದು ನನ್ನದೇ ಕೈಬರಹ. ನಡುಮಧ್ಯಾಹ್ನ ಬಂಡೆಯ ಮೇಲೆ ಸೂರ್ಯಾಸ್ತಕ್ಕೆ ಕಾದವನ ಸಿಡುಕು ಮುಖ ಆಗ ನೆನಪಾಯಿತು.

ಮುಂದಿನ ವಾರ ರಜೆ ಹಾಕಿ ಒಬ್ಬಳೇ ಆ ವೈನರಿಗೆ ಹೋದೆ. ಜೊತೆಗೆ ಮನೆಯ ಪೂಜೆಯ ಸಣ್ಣ ಚೊಂಬನ್ನು ಒಯ್ದಿದ್ದೆ. ರುಚಿ ಕೋಣೆಯಲ್ಲಿ ಗ್ಲಾಸಿಗೆ ಸುರಿಯುವ ಹೆಣ್ಣುಮಗಳೊಬ್ಬಳಿದ್ದಳು. "ಶನಿವಾರ ಒಬ್ಬರಿಗೆ ಹೇಗೆ ಹಾಕ್ತೀರೋ ಹಾಗೇ ನೀರು ಹಾಕಿ" ಎಂದೆ. ಅವಳಿಗೆ ವಿಚಿತ್ರವೆನಿಸಿದರೂ ಹಾಕಿದಳು. ಐದು ಗ್ಲಾಸು. ಪ್ರತಿಯೊಂದನ್ನೂ ಚೊಂಬಿಗೆ ಸುರಿದೆ. "ಇಷ್ಟೇನಾ?" ಎಂದೆ. "ಇಷ್ಟ ಆಗಿದ್ದನ್ನ ಇನ್ನೊಂದ್ಸಲ ಕೇಳ್ತಾರೆ ಮೇಡಂ, ಇಲ್ಲ ಅನ್ನೋಕಾಗಲ್ಲ" ಎಂದು ಇನ್ನೂ ಎರಡು ಹಾಕಿದಳು. ಚೊಂಬಿನ ಕಂಠದವರೆಗೆ ಬಂತು.

ಸಂಘದ ಸಭೆ ಕೇಂದ್ರದಲ್ಲೇ ನಡೆಯಿತು. ಕೇಶವಮೂರ್ತಿ ಸಾರ್ ಬಿಟ್ಟುಹೋಗಿ ನಾಗೇಂದ್ರ ಎಂಬುವರು ಮ್ಯಾನೇಜರ್ ಆಗಿದ್ದರು. ಕೆಟ್ಟವರಲ್ಲ, ಆದರೆ ಮಾಲೀಕರ ಎದುರು ಕುರ್ಚಿಯ ಅಂಚಿನಲ್ಲೇ ಕೂರುವವರು. ನಾನು ಚೊಂಬಿಗೆ ಕಂಠದವರೆಗೆ ನೀರು ತುಂಬಿಸಿ ಮೇಜಿನ ಮೇಲಿಟ್ಟೆ.

"ಇದೇನು ಮೇಡಂ, ಪೂಜೆನಾ?" ಎಂದರು ಸಭೆಗೆ ಬಂದಿದ್ದ ಒಬ್ಬ ವೈನರಿ ಮಾಲೀಕರು. ಎಲ್ಲರೂ ನಕ್ಕರು.

"ಇದು ನಮ್ಮ ಹಾಳೇಲಿರೋ 'ರುಚಿ' ಸಾರ್. ಒಬ್ಬರದ್ದು. ನಿಮ್ಮಲ್ಲೇ ಅಳೆಸಿಕೊಂಡು ಬಂದಿದ್ದೀನಿ. ಇಷ್ಟು ಹೊಟ್ಟೇಲಿಟ್ಕೊಂಡು ನೀವು ಆ ದೋಣೀಲಿ ಕೂರ್ತೀರಾ?"

ನಗು ನಿಂತಿತು. ಹಾಳೆಯ ಕ್ರಮ ತಿರುಗಿಸಬೇಕು, ಮೊದಲು ಹೊಳೆ, ವಾಪಸು ಬರುವಾಗ ವೈನರಿ ಎಂದೆ. ಇರುವುದು ಒಂದೇ ರಸ್ತೆ, ಒಂದು ಕಿಲೋಮೀಟರೂ ಹೆಚ್ಚಾಗುವುದಿಲ್ಲ ಎಂದೆ.

"ವಾಪಸ್ ಬರುವಾಗ ಯಾರೂ ನಿಲ್ಲಲ್ಲ ಮೇಡಂ" ಎಂದರು ಮಾಲೀಕರು. "ಒದ್ದೆಯಾಗಿರ್ತಾರೆ, ಸುಸ್ತಾಗಿರ್ತಾರೆ, ಟ್ರಾಫಿಕ್ಕಿಗೆ ಮುಂಚೆ ಊರು ಸೇರ್ಬೇಕು ಅಂತ ಓಡ್ತಾರೆ. ನಮ್ಮ ಗೇಟು ಮುಚ್ಕೋಬೇಕಾ? ತೋಟದಲ್ಲಿ ಎಷ್ಟು ಹೆಣ್ಮಕ್ಳು ಕೆಲಸ ಮಾಡ್ತಾರೆ ಗೊತ್ತಾ ನಿಮಗೆ?"

ಅವರ ಮಾತು ಸುಳ್ಳಲ್ಲ. ಆ ಹೆಣ್ಣುಮಕ್ಕಳನ್ನು ನಾನೂ ಕಂಡಿದ್ದೆ.

"ಮತ್ತೆ ವಾಪಸ್ಸಲ್ಲಿ ಕುಡಿದು ಕಾರ್ ಓಡಿಸಿದ್ರೆ?" ಎಂದರು ಇನ್ನೊಬ್ಬರು. "ಅದಕ್ಕೂ ಚೊಂಬು ತರ್ತೀರಾ?"

"ಓಡಿಸೋರಿಗೆ ದ್ರಾಕ್ಷಿ ರಸ. ಅದನ್ನೂ ಹಾಳೇಲಿ ಬರೀತೀನಿ ಸಾರ್."

"ಬಚಾವಾದ್ನಲ್ಲ ಆ ಮನುಷ್ಯ? ಒಂದು ಆಕ್ಸಿಡೆಂಟ್‌ನ ಇಷ್ಟು ದೊಡ್ಡದು ಮಾಡ್ಬೇಡಿ" ಎಂದರು ನಾಗೇಂದ್ರ ಸಾರ್, ಮೆಲ್ಲಗೆ.

ಶರಣಪ್ಪ ಬಚಾವಾಗಿದ್ದ, ನಿಜ. ಮೊಣಕಾಲು ಕಟ್ಟು ಬಿಚ್ಚಿ ಕೆಲಸಕ್ಕೂ ಬಂದಿದ್ದ. ಆದರೆ ತಲೆಯ ಮೇಲೆ ನೀರು ಸುರಿದುಕೊಳ್ಳಲು ಅವನಿಗೆ ಆಗುತ್ತಿರಲಿಲ್ಲ. ಕೋಣೆಯಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುತ್ತಿದ್ದ. ಮಳೆ ಬಂದರೆ ಚಹಾದಂಗಡಿಯ ಒಳಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಇದನ್ನು ಸಭೆಗೆ ಹೇಳಿದೆ. ಚಹಾ ಬಂತು, ಕುಡಿದರು, ವಿಷಯ ಮುಂದಕ್ಕೆ ಹೋಯಿತು.

ಎರಡು ದಿನದ ನಂತರ ಆದೇಶ ಬಂತು. ಕುಡಿದವರನ್ನು ದೋಣಿಗೆ ಹತ್ತಿಸಬಾರದು ಎಂದು ಶಿಬಿರಗಳಲ್ಲಿ ಬೋರ್ಡು ಹಾಕುವುದು. ಹಾಳೆ ಮಾತ್ರ ರಸ್ತೆಯ ಕ್ರಮದಲ್ಲೇ ಇರತಕ್ಕದ್ದು. ಈ ಸಲ ಬಣ್ಣದಲ್ಲಿ ಮುದ್ರಿಸಿ ಕಳಿಸಿದರು, ಕೈಬರಹಕ್ಕೆ ಜಾಗವಿರಬಾರದು ಎಂದು.

ಜಾಗವಿತ್ತು. ಜೆರಾಕ್ಸ್ ಅಂಗಡಿಯಿಂದ ಒಂದು ಡಬ್ಬಿ ಕೆಂಪು ಪೆನ್ನು ಕೊಂಡೆ. ಕೌಂಟರಿಗೆ ಬಂದ ಪ್ರತಿಯೊಬ್ಬರ ಎದುರು ಹಾಳೆ ಇಟ್ಟು, ಮುದ್ರಿಸಿದ ಒಂದನ್ನು ಹೊಡೆದು ಹಾಕಿ, ಹೊಳೆಯ ಮುಂದೆ ಒಂದು ಎಂದು ಬರೆದೆ. ಮೇಲೆ ದೊಡ್ಡದಾಗಿ 'ಮೊದಲು ಹೊಳೆ'. ವೈನರಿಯ ಪಕ್ಕದಲ್ಲಿ, 'ವಾಪಸು ಬರುವಾಗ ತಪ್ಪದೆ ನಿಲ್ಲಿ. ಗಾಡಿ ಓಡಿಸುವವರಿಗೆ ರಸ.' ತೋಟದ ಹೆಣ್ಣುಮಕ್ಕಳ ಮುಖ ನೆನೆದು ಆ 'ತಪ್ಪದೆ'ಯ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಶುಕ್ರವಾರ ಸಂಜೆ ಸಾಲು ಚಹಾದಂಗಡಿ ದಾಟುತ್ತಿತ್ತು. ಬೆರಳು ಮರಗಟ್ಟುತ್ತಿತ್ತು. ಶರಣಪ್ಪ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಲ್ಲುವನು. ಸಾಲಿನಲ್ಲಿ ಯಾರಾದರೂ ಗೊಣಗಿದರೆ, "ನಿಂದರ್ರಿ ಸಾಹೇಬ್ರ, ಅಕ್ಕಾರು ಸುಮ್ನ ಬರಿಯಂಗಿಲ್ಲ. ಆ ಹೊಳಿ ಅಡಿಗೆ ನಾ ಹೋಗಿ ಬಂದೀನಿ" ಎನ್ನುವನು. ಗೊಣಗಾಟ ನಿಲ್ಲುತ್ತಿತ್ತು.

ಮೆಮೊ ಬಂತು. 'ಮುದ್ರಿತ ದಾಖಲೆಯನ್ನು ವಿರೂಪಗೊಳಿಸಿದ್ದಕ್ಕೆ ವಿವರಣೆ ನೀಡತಕ್ಕದ್ದು.' ನಾನು ಒಂದೇ ಸಾಲು ಬರೆದೆ: 'ವಿರೂಪವಾಗಿದ್ದ ದಾಖಲೆಯನ್ನು ಸರಿಪಡಿಸಿದ್ದೇನೆ, ಸರಿಪಡಿಸುತ್ತಲೇ ಇರುತ್ತೇನೆ.' ಎರಡನೆಯ ಮೆಮೊ ಬಂತು. ಅದೇ ಉತ್ತರ. ಮನೆಯಲ್ಲಿ ಅತ್ತೆ ಎರಡನ್ನೂ ಓದಿಸಿಕೊಂಡು ಕೇಳಿದರು. ನನಗೆ ಬೈಗುಳದ ನಿರೀಕ್ಷೆ ಇತ್ತು.

"ಹೆಂಡದ ದಾರಿ ತೋರಿಸ್ಬೇಡ ಅಂತ ಇಷ್ಟು ವರ್ಷ ನಾನು ಹೇಳಿದ್ನಲ್ಲವ್ವಾ" ಎಂದರು. "ತೋರಿಸು. ಸರಿಯಾಗಿ ತೋರಿಸು. ಆ ಚೊಂಬು ಮಾತ್ರ ಪೂಜೆಗೆ ವಾಪಸ್ ತಂದಿಡು."

ಮಾದೇಶ ಫೋನಿನಲ್ಲಿ ಹೇಳುತ್ತಿದ್ದ, ಈಗ ಬೆಳಿಗ್ಗೆ ಹೊತ್ತು ಜನ ಜಾಸ್ತಿಯಾಗಿದ್ದಾರೆ, ಕೈಯಲ್ಲಿ ಕೆಂಪು ಗೀಚಿದ ಹಾಳೆ ಇರುತ್ತದೆ ಎಂದು. ವಾಪಸಿನಲ್ಲಿ ವೈನರಿಗೆ ನಿಲ್ಲುವವರು ಕಡಿಮೆಯಾದರು ಎಂದು ಮಾಲೀಕರು ಹೇಳುತ್ತಲೇ ಇದ್ದರು. ಇಬ್ಬರದ್ದೂ ನಿಜವೇ ಇರಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಾದರೆ ನಾನು ಯಾವುದನ್ನು ಆರಿಸಿಕೊಂಡೆ ಎಂದು ಮುಚ್ಚಿಡುವುದಕ್ಕೇನಿದೆ?

ನಿವೃತ್ತಿಯ ದಿನ ನಾಗೇಂದ್ರ ಸಾರ್ ಒಂದು ಖಾಲಿ ಹಾಳೆ ಮುಂದಿಟ್ಟರು. "ವಿಷಾದ ಇದೆ ಅಂತ ಒಂದು ಸಾಲು ಬರೆದುಬಿಡಿ ಸುಮಂಗಲಾ ಮೇಡಂ. ಆ ಮೆಮೊಗಳನ್ನ ಫೈಲಿಂದ ತೆಗೆಸ್ತೀನಿ. ಕ್ಲೀನಾಗಿ ಹೊರಗೆ ಹೋಗಿ."

"ತೆಗೀಬೇಡಿ ಸಾರ್" ಎಂದೆ. "ಆ ಫೈಲಲ್ಲಿ ನಾನು ಮಾಡಿದ ಕೆಲಸ ಅಂತ ಇರೋದು ಆ ಎರಡು ಮೆಮೊನೇ."

ಅವರು ಖಾಲಿ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಶಾಲು ಹೊದಿಸಿದರು. ಫೋಟೊ ತೆಗೆದರು.

ಈಗ ಕೇಂದ್ರ ಕಾಡುಗೋಡಿಯಲ್ಲಿದೆ, ಮೆಟ್ರೊ ದಾರಿ ಮುಗಿಯುವಲ್ಲಿ. ಹಾಳೆ ಇಲ್ಲ. ಗೋಡೆಯಷ್ಟಗಲದ ಪರದೆ. ಮುಟ್ಟಿದರೆ ಪಟ್ಟಿ ಬರುತ್ತದೆ, ಮೊಬೈಲಿಗೆ ಇಳಿಯುತ್ತದೆ. ಪಟ್ಟಿಯನ್ನು ಯಾರೂ ಬರೆಯುವುದಿಲ್ಲ. ದೂರ ನೋಡಿಕೊಂಡು ಅದೇ ಜೋಡಿಸಿಕೊಳ್ಳುತ್ತದೆ, ಹತ್ತಿರದ್ದು ಮೊದಲು. ಹತ್ತಿರದ್ದು ವೈನರಿ. ಕೇಶವಮೂರ್ತಿ ಸಾರ್ ನಿಯಮ ಈಗ ಯಂತ್ರದೊಳಗೆ ಕೂತಿದೆ. ಯಂತ್ರಕ್ಕೆ ಮೆಮೊ ಕೊಡಲಾಗುವುದಿಲ್ಲ, ಚೊಂಬು ತೋರಿಸಲಾಗುವುದಿಲ್ಲ.

ಕಳೆದ ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ. ನನ್ನ ಜಾಗದಲ್ಲಿ ನಂದಿನಿ ಎಂಬ ಹುಡುಗಿ ಇದ್ದಾಳೆ. ನನ್ನ ಕೊನೆಯ ತಿಂಗಳು ನನ್ನ ಪಕ್ಕದಲ್ಲಿ ಕೂತು ಕಲಿತವಳು. ನನ್ನ ಕೈಚೀಲದಲ್ಲಿ ಕೆಂಪು ಪೆನ್ನು ಕಂಡು ನಕ್ಕಳು.

"ಸ್ಕ್ರೀನ್ ಮೇಲೆ ಬರಿಯೋಕಾಗಲ್ಲ ಮೇಡಂ. ಬದಲಾಯ್ಸಿ ಅಂತ ಎರಡ್ಸಲ ಮೇಲ್ ಹಾಕಿದ್ದೀನಿ."

"ಉತ್ತರ ಬಂತಾ?"

"ಇಲ್ಲ. ಮೂರನೇದು ಹಾಕ್ತೀನಿ."

"ಅಲ್ಲೀವರೆಗೆ?"

"ಕೂತ್ಕೊಳ್ಳಿ, ನೋಡಿ" ಎಂದಳು.

ಆರು ಜನರ ಗುಂಪೊಂದು ಬಂತು. ಚೀಲ, ತಂಪು ಕನ್ನಡಕ, ಗಲಾಟೆ. ಒಬ್ಬ ಪರದೆ ಮುಟ್ಟಿ ಪಟ್ಟಿ ಇಳಿಸಿಕೊಂಡು ಹೊರಟೇಬಿಟ್ಟ.

"ಸಾರ್, ಒಂದು ನಿಮಿಷ" ಎಂದು ನಂದಿನಿ ಕೌಂಟರ್ ಬಿಟ್ಟು ಬಂದು ಬಾಗಿಲಿಗೆ ಅಡ್ಡ ನಿಂತಳು. "ಮೊದಲು ಹೊಳೆ. ವೈನರಿ ವಾಪಸ್ ಬರುವಾಗ."

"ಸ್ಕ್ರೀನಲ್ಲಿ ವೈನರಿ ಫಸ್ಟ್ ಅಂತ ಇದ್ಯಲ್ರೀ?"

"ಸ್ಕ್ರೀನ್ ದೋಣಿ ಹತ್ತಲ್ಲ ಸಾರ್. ನೀವು ಹತ್ತೋದು."

"ಮಚ್ಚಾ, ಮೇಡಂ ಸಕ್ಕತ್ ಖಡಕ್ ಕಣೋ" ಎಂದ ಹಿಂದಿನಿಂದ ಒಬ್ಬ.

"ಹೌದು, ಖಡಕ್ಕೇ. ಈಗ ಹೇಳಿ, ಎಲ್ಲಿಗೆ ಮೊದಲು? ಹೇಳ್ದೆ ಬಾಗಿಲು ಬಿಡಲ್ಲ."

ನಗುತ್ತಲೇ ಹೇಳಿದರು. ಶಾಲೆಯಲ್ಲಿ ಮಗ್ಗಿ ಹೇಳುವ ಹಾಗೆ, ಎಳೆದು ಎಳೆದು, "ಮೊದಲು ಹೊಳೆ". ನಾನು ಮೂಲೆಯ ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ, ಬಾಯಿಗಳನ್ನು ಎಣಿಸುತ್ತಿದ್ದೆ. ಐದು. ಎದ್ದು ನಿಂತೆ.

ನಂದಿನಿಯೂ ಎಣಿಸಿದ್ದಳು. ಎಲ್ಲರಿಗಿಂತ ಹಿಂದೆ, ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡಿದ್ದ ಒಬ್ಬನತ್ತ ಬೆರಳು ತೋರಿಸಿದಳು.

"ಸಾರ್, ನೀವು ಹೇಳ್ಲಿಲ್ಲ."

ಅವನು ತಲೆಯೆತ್ತಿದ. ಅವಳನ್ನು ನೋಡಿದ, ಎದ್ದು ನಿಂತಿದ್ದ ನನ್ನನ್ನು ನೋಡಿದ. ಮೊಬೈಲ್ ಜೇಬಿಗಿಟ್ಟ.

"ಮೊದಲು ಹೊಳೆ" ಎಂದ.

ಆರು.